ಕೊಡಗಿನ ಮಳೆಗೆ ಯಾವ ಗಾಲ್ಫ್ ಚೆಂಡು: ಹೊಸ ಟೂ-ಪೀಸೋ, ಬಣ್ಣ ಬಳಿದ ಯುರೆಥೇನೋ?

ಬಿಟ್ಟಂಗಾಲ, ಪಾಲಿಬೆಟ್ಟ ಕಡೆ ಮಳೆಗಾಲದಲ್ಲೂ ಗಾಲ್ಫ್ ಆಡುವವರು ಹೊಸ ಟೂ-ಪೀಸ್ ಚೆಂಡನ್ನೇ (ಒಳಗೆ ರಬ್ಬರ್ ತಿರುಳು, ಮೇಲೊಂದು ಗಟ್ಟಿ ಹೊದಿಕೆ) ಕೊಳ್ಳಿ. ಹೆಚ್ಚುಕಮ್ಮಿ ಅದೇ ಬೆಲೆಗೆ ಸಿಗುತ್ತದೆಂದು, ಕೆರೆಯಿಂದ ತೆಗೆದು ಬಣ್ಣ ಬಳಿದ ತ್ರೀ-ಪೀಸ್ ಯುರೆಥೇನ್ ಚೆಂಡಿಗೆ (ನಡುವೆ ಇನ್ನೊಂದು ಪದರ, ಮೇಲೆ ಮೆತ್ತನೆ ಯುರೆಥೇನ್ ಹೊದಿಕೆ) ಆಸೆಪಡಬೇಡಿ. ಎರಡನ್ನೂ ಹೊಡೆದು ನೋಡಿಯೇ ಹೇಳುತ್ತಿದ್ದೇನೆ.

ತೊಂದರೆಯೆಲ್ಲ ಆ ಬಣ್ಣದ್ದು. ಚೆಂಡಿನ ಮೈಮೇಲಿನ ಸಣ್ಣ ಗುಳಿ, ಅಂದರೆ ಡಿಂಪಲ್‌ನ ಆಳ ಕಾಲು ಮಿಲಿಮೀಟರ್ ಆಸುಪಾಸು. ಹಾರುವ ಚೆಂಡಿನ ಹಿಂದೆ ಗಾಳಿಯ ಎಳೆತ ತಗ್ಗಿಸುವುದು ಈ ಗುಳಿಗಳೇ. ನುಣ್ಣಗಿನ ಚೆಂಡು ಸುಮಾರು ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. 1848ರ ಹೊತ್ತಿಗೆ ಬಂದ, ಮರದ ಹಾಲಿನಿಂದ ಮಾಡಿದ ಗಟ್ಟಾ-ಪರ್ಚಾ ಚೆಂಡು ಆಡಿ ಆಡಿ ಗೀರು ಬಿದ್ದ ಮೇಲೆ ಚೆನ್ನಾಗಿ ಹಾರುತ್ತದೆಂದು ಆಟಗಾರರು ಕಂಡುಕೊಂಡರು. ವಿಲಿಯಂ ಟೇಲರ್ ಡಿಂಪಲ್‌ಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಇಷ್ಟು ಕಷ್ಟಪಟ್ಟು ಗಳಿಸಿದ ಗುಳಿಯೊಳಗೆ ಬಣ್ಣ ತುಂಬಿ ಅಂಚು ಮೊಂಡಾದರೆ, ಅದೂ ಒಂದು ಬದಿಗೆ ದಪ್ಪವಾಗಿ ಕೂತರೆ, ನೆಟ್ಟಗೆ ಹೊಡೆದ ಚೆಂಡೂ ವಾಲಿಕೊಂಡು ಕಾಫಿ ತೋಟ ಸೇರುತ್ತದೆ.

ಕೊಂಡಾಗಿದ್ದರೆ ಹೀಗೆ ಪರೀಕ್ಷಿಸಿ. ಟಾರ್ಚನ್ನು ಓರೆಯಾಗಿ ಹಿಡಿದು ಚೆಂಡನ್ನು ತಿರುಗಿಸಿದರೆ ತುಂಬಿದ ಗುಳಿಗಳ ನೆರಳು ಮಾಸಲಾಗಿ ಕಾಣುತ್ತದೆ. ಭಾರ ಎಲ್ಲ ಕಡೆ ಸಮನಾಗಿದೆಯೇ ನೋಡಲು ಅರ್ಧ ಲೀಟರ್ ಬೆಚ್ಚನೆ ನೀರಿಗೆ 125 ಗ್ರಾಂ ಉಪ್ಪು ಕರಗಿಸಿ ಚೆಂಡು ತೇಲಿಸಿ. ಮೇಲಕ್ಕೆ ಬಂದ ಜಾಗಕ್ಕೆ ಪೆನ್ನಿನ ಗುರುತು ಹಾಕಿ, ತಿರುಗಿಸಿ ಬಿಡಿ. ಪ್ರತಿ ಸಲವೂ ಅದೇ ಗುರುತು ಮೇಲೆ ಬಂದು ನಿಂತರೆ ಭಾರ ಒಂದು ಪಕ್ಕಕ್ಕಿದೆ. ಅದನ್ನು ಪಿಚಿಂಗ್ (ಹತ್ತಿರದಿಂದ ಎತ್ತಿ ಹೊಡೆಯುವ) ಅಭ್ಯಾಸಕ್ಕೆ ಎತ್ತಿಡಿ.

ಹೊಸ ಯುರೆಥೇನ್ ಬಗ್ಗೆ ನನಗೆ ತಕರಾರಿಲ್ಲ. 2000ದಲ್ಲಿ ಟೈಟ್‌ಲಿಸ್ಟ್ ಕಂಪನಿಯ ಯುರೆಥೇನ್ ಚೆಂಡು ಪ್ರೊ ವಿ1 ಬಂದ ಮೇಲೆ ರಬ್ಬರ್ ದಾರ ಸುತ್ತಿದ ಚೆಂಡುಗಳು ಮೂಲೆ ಸೇರಿದವು. ಫೆಬ್ರುವರಿಯ ಗಟ್ಟಿ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಯುರೆಥೇನ್‌ನ ಹಿಡಿತಕ್ಕೆ ಸಾಟಿಯಿಲ್ಲ. ಜುಲೈಯಲ್ಲಿ ಮಾತ್ರ ಗ್ರೀನೇ ಮೆತ್ತಗಿರುತ್ತದೆ, ಎಂಥ ಚೆಂಡೂ ಬಿದ್ದಲ್ಲೇ ನಿಲ್ಲುತ್ತದೆ. ಮೇಲಾಗಿ ಚೆಂಡು ಹೊಡೆಯುವ ಕ್ಲಬ್ಬಿನ ಮುಖಕ್ಕೆ ನೀರು ಹತ್ತಿದರೆ ಸ್ಪಿನ್ ಇಳಿಯುತ್ತದೆ.

ಟೂ-ಪೀಸ್‌ನ ಸರ್ಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ ಕಲ್ಲು, ಕಾಫಿ ಗಿಡದ ಕಾಂಡ ತಾಗಿದರೂ ಸುಲಭಕ್ಕೆ ಹರಿಯದು. ಗ್ರೀನ್ ಮೇಲೆ ಕುಳಿಯತ್ತ ಉರುಳಿಸುವ ಪಟ್ಟಿಂಗ್‌ನಲ್ಲಿ ಕೊಂಚ ಗಡಸು, ನಿಜ.

ಮಣ್ಣು ಮೆತ್ತಿಕೊಳ್ಳುವುದರಲ್ಲಿ ಎರಡೂ ಒಂದೇ. ಚೆಂಡು ಹೂತಿದ್ದರೆ ದಂಡವಿಲ್ಲದೆ ಎತ್ತಿ ಒರೆಸಬಹುದು. ಹೂತಿಲ್ಲದಿದ್ದರೆ ಸ್ಥಳೀಯ ನಿಯಮ ಕೇಳಿಯೇ ಕೈ ಹಾಕಿ.

ಮಳೆಗಾಲದಲ್ಲಿ ಹುಲ್ಲೊಳಗೆ ಚೆಂಡು ಕಳೆಯುವುದು ಇದ್ದದ್ದೇ. ನನ್ನ ಚೀಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳದಿ ಟೂ-ಪೀಸ್ ಮಾತ್ರ.