‘ಕವರ್ ಆಗಬಹುದು ಮೇಡಂ’: ವಿಮಾ ಕಂಪನಿಯ ಹೆಲ್ಪ್‌ಲೈನ್ ಜತೆ ನನ್ನ ಮೂರು ವಾರ

ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೇನೆ. ಆ ಎರಡೂ ನಾಲ್ಕನೇ ಸಲ ಫೋನ್ ಮಾಡಿದಾಗ ಸಿಕ್ಕ ಹುಡುಗಿಗೆ ಸಲ್ಲಬೇಕು.

ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ಅವರಿಗೆ 52 ವರ್ಷ. ನನಗೀಗ 41. ಹೆತ್ತವರಿಗೋ ಒಡಹುಟ್ಟಿದವರಿಗೋ 60 ತುಂಬುವ ಮೊದಲೇ ಈ ಕಾಯಿಲೆ ಬಂದಿದ್ದರೆ ನಾವು 40ಕ್ಕೇ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ, ಮಾಡಿಸಬೇಕಂತೆ. ಅವರಿಗೆ ಬಂದ ವಯಸ್ಸಿನಲ್ಲಿ ಹತ್ತು ಕಳೆದರೆ 40ಕ್ಕಿಂತ ಕಡಿಮೆ ಬಂದರೆ ಇನ್ನೂ ಮುಂಚೆ. ಡಾಕ್ಟರು ಇದನ್ನು ಹೇಳುವಷ್ಟರಲ್ಲಿ ನಾನು ಒಂದು ವರ್ಷ ತಡ ಮಾಡಿಯಾಗಿತ್ತು. ಪಾಲಿಸಿಯಲ್ಲಿ ನೋಡಿದರೆ ಈ ತಪಾಸಣೆಗೆ 45 ಆಗಿರಬೇಕು ಅಂತಿದೆ. ಮನೆಯಲ್ಲಿ ಕಾಯಿಲೆ ಇದ್ದವರ ವಿಷಯ ಒಂದು ಸಾಲೂ ಇಲ್ಲ.

ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಮೊದಲನೆಯವರು ಕವರ್ ಆಗುತ್ತೆ ಅಂದರು. ಎರಡು ದಿನ ಬಿಟ್ಟು ಮಾಡಿದರೆ ಇನ್ನೊಬ್ಬರು ಆಗಲ್ಲ ಅಂದರು. ಮೂರನೆಯವರು, “ಆಗಬಹುದು ಮೇಡಂ, ಕ್ಲೇಮ್ ಬಂದ ಮೇಲೆ ನೋಡ್ತಾರೆ” ಅಂದರು. ದುಡ್ಡು ಕಟ್ಟುವವಳು ನಾನು, ಕಟ್ಟಿದ ಮೇಲೆ ಗೊತ್ತಾಗುವ ಉತ್ತರ ಇಟ್ಟುಕೊಂಡು ಏನು ಮಾಡಲಿ? ಆ ರಾತ್ರಿ ನಿಜಕ್ಕೂ ಅತ್ತೆ.

ನಾಲ್ಕನೇ ಸಲ ಸಿಕ್ಕ ಹುಡುಗಿ ಮೊದಲು ಕೇಳಿದ್ದೇ, “ಡಾಕ್ಟರ ಚೀಟಿಯಲ್ಲಿ ಯಾವ ಕೋಡ್ ಇದೆ ಮೇಡಂ?” ಅಂತ. ಮೂವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಕಾಯಿಲೆಗಳಿಗೂ ತಪಾಸಣೆಗಳಿಗೂ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಏನೂ ತೊಂದರೆ ಇಲ್ಲದವರ ಕರುಳಿನ ಕ್ಯಾನ್ಸರ್ ತಪಾಸಣೆಗೆ ಜ಼ಡ್ 12.1, ಮನೆಯವರಿಗೆ ಜೀರ್ಣಾಂಗದ ಕ್ಯಾನ್ಸರ್ ಇತ್ತು ಅನ್ನುವುದಕ್ಕೆ ಜ಼ಡ್ 80.0, ಗುದದ್ವಾರದಲ್ಲಿ ರಕ್ತ ಹೋಗುತ್ತಿದ್ದರೆ ಕೆ 62.5. ಪರೀಕ್ಷೆ ಅದೇ, ಕೊಳವೆ ಅದೇ. ಕೋಡ್ ಬದಲಾದರೆ ಕ್ಲೇಮಿನ ಹಣೆಬರಹವೇ ಬದಲು. ನನ್ನ ಚೀಟಿಯಲ್ಲಿ ಮೊದಲನೆಯದಷ್ಟೇ ಇತ್ತು. ಅಪ್ಪನ ವಿಷಯದ ಕೋಡನ್ನೂ ಸೇರಿಸಿ ಕೊಡಿ ಅಂತ ಡಾಕ್ಟರನ್ನು ಕೇಳಿಕೊಂಡೆ. ಇದ್ದ ಸಂಗತಿಯೇ ತಾನೆ, ಅವರು ಆಗಲೇ ಬರೆದುಕೊಟ್ಟರು. ಪರೀಕ್ಷೆಗೆ ಮೊದಲೇ ಕಂಪನಿಯಿಂದ ಪೂರ್ವಾನುಮತಿಯ ಪತ್ರ ಬಂದರೂ ಅದು ಹಣ ಕೊಟ್ಟೇ ಕೊಡುತ್ತೇವೆ ಅನ್ನುವ ಮಾತಲ್ಲ ಅಂತಲೂ ಆ ಹುಡುಗಿ ಮುಚ್ಚಿಡದೆ ಹೇಳಿದಳು. ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಸಿಕ್ಕಿ ಅಲ್ಲೇ ತೆಗೆದರೆ ಅದನ್ನು ತಪಾಸಣೆ ಅನ್ನದೆ ಚಿಕಿತ್ಸೆ ಅಂತ ಲೆಕ್ಕ ಹಾಕಬಹುದು, ಮಂಪರು ಕೊಡುವ ಡಾಕ್ಟರದ್ದೂ ತೆಗೆದ ತುಣುಕನ್ನು ಪರೀಕ್ಷಿಸುವ ಬಯಾಪ್ಸಿ ಲ್ಯಾಬಿನದ್ದೂ ಬೇರೆ ಬೇರೆ ಬಿಲ್ಲು ಬರಬಹುದು, ಒಂದೊಂದನ್ನೂ ಈಗಲೇ ಕೇಳಿಕೊಳ್ಳಿ ಅಂದಳು.

ಇಷ್ಟಾದರೂ ಯಾವಾಗ ಮಾಡಿಸುವುದು ಅನ್ನುವುದು ಉಳಿದೇ ಇತ್ತು. ಅದನ್ನು ಕೇಳಬೇಕಾದದ್ದು ಹೆಲ್ಪ್‌ಲೈನನ್ನಲ್ಲ ಅಂತ ಹೊಳೆಯಲು ನನಗೆ ಒಂದು ವಾರ ಹಿಡಿಯಿತು. “ಎಷ್ಟು ದಿನ ಕಾಯಬಹುದು?” ಅಂತ ಡಾಕ್ಟರನ್ನೇ ಕೇಳಿದೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು, ನಿಮಗೆ ಯಾವ ಲಕ್ಷಣವೂ ಇಲ್ಲ, ಎರಡು ಮೂರು ವಾರದಿಂದ ಏನೂ ಆಗುವುದಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಬಂದರೆ ಯಾವ ಪತ್ರಕ್ಕೂ ಕಾಯದೆ ಬಂದುಬಿಡಿ ಅಂದರು. ಆಮೇಲೆ ಮನಸ್ಸು ತಿಳಿಯಾಯಿತು. ಹದಿನಾರನೇ ದಿನಕ್ಕೆ ಬುಕ್ ಮಾಡಿದೆ, ಪತ್ರ ಬಂದರೂ ಸರಿ, ಬರದಿದ್ದರೂ ಸರಿ ಅಂತ.

ಹನ್ನೆರಡನೇ ದಿನ ಪತ್ರ ಬಂತು, ಅದರಲ್ಲಿ ಬಯಾಪ್ಸಿಯ ಮಾತೇ ಇರಲಿಲ್ಲ. ಹೋಗಿ ಮಾಡಿಸಿಕೊಂಡೆ. ಹಿಂದಿನ ರಾತ್ರಿಯ ಭೇದಿ ಔಷಧಿಯೇ ಕಷ್ಟ, ಪರೀಕ್ಷೆ ಗೊತ್ತೇ ಆಗಲಿಲ್ಲ. ಎರಡು ಸಣ್ಣ ಪಾಲಿಪ್ ಸಿಕ್ಕವು, ಅಲ್ಲೇ ತೆಗೆದರು. ರಿಪೋರ್ಟಿನಲ್ಲಿ ಅಡಿನೋಮ ಅಂತ ಬಂದಿದೆ, ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದ ಜಾತಿ. ಐದು ವರ್ಷಕ್ಕೆ ಮತ್ತೆ ಬರಬೇಕು.

ಪರೀಕ್ಷೆಯ ಬಿಲ್ಲು, ಮಂಪರಿನ ಬಿಲ್ಲು ಪಾಸಾಗಿವೆ. ಲ್ಯಾಬಿನದ್ದು ವಾಪಸ್ ಬಂದಿತ್ತು, ನಾಲ್ಕನೇ ಕರೆಯ ತಾರೀಖು, ಹೊತ್ತು, ಕರೆಗೆ ಕೊಟ್ಟ ನಂಬರು ಬರೆದು ಮೇಲ್ಮನವಿ ಹಾಕಿದ್ದೇನೆ. ತಮ್ಮನಿಗೆ ಈಗ 38. ಆ ಕೋಡುಗಳ ಚೀಟಿಯ ಫೋಟೋ ಅವನಿಗೂ ಕಳಿಸಿದ್ದೇನೆ.