ಕಮೀಲಾ ಶಮ್ಸಿಯ ‘ಹೋಮ್ ಫೈರ್’: ದುಡ್ಡು ಕೊಟ್ಟು ಓದಬಹುದಾ?

ವಲಸೆ ಹೋದವರ ಬಗ್ಗೆ ಬರುವ ಇಂಗ್ಲಿಷ್ ಕಾದಂಬರಿಗಳೆಂದರೆ ನನಗೆ ಸ್ವಲ್ಪ ಅಲರ್ಜಿ. ಅಮ್ಮನ ಮಸಾಲೆ ಡಬ್ಬಿ, ಅಜ್ಜಿಯ ಹಳೇ ಸೀರೆ, ಮಳೆ ಬಂದಾಗ ಊರಿನ ನೆನಪು, ಇಷ್ಟರಲ್ಲೇ ಅರ್ಧ ಪುಸ್ತಕ ಮುಗಿದಿರುತ್ತದೆ. ಪಾಕಿಸ್ತಾನಿ ಮೂಲದ ಬ್ರಿಟಿಷ್ ಲೇಖಕಿ ಕಮೀಲಾ ಶಮ್ಸಿಯ ‘ಹೋಮ್ ಫೈರ್’ ಆ ಜಾತಿಯದಲ್ಲ. ಇದು ಶುರುವಾಗುವುದೇ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ತನಿಖೆ ಕೋಣೆಯಲ್ಲಿ.

ಇಸ್ಮಾ ಲಂಡನ್ನಿನ ಹುಡುಗಿ. ಹಿಜಾಬ್ ಹಾಕುತ್ತಾಳೆ. ಪಿಎಚ್‌ಡಿ ಮಾಡಲು ಅಮೆರಿಕದ ಆಮ್ಹರ್ಸ್ಟ್‌ಗೆ ಹೊರಟಿದ್ದಾಳೆ. ಸೂಟ್‌ಕೇಸಿನಲ್ಲಿ ಕುರಾನ್ ಇಟ್ಟಿಲ್ಲ, ಮನೆಯವರ ಫೋಟೋ ಇಟ್ಟಿಲ್ಲ, ತಾನು ಓದುವ ವಿಷಯದ ಪುಸ್ತಕವನ್ನೂ ಇಟ್ಟಿಲ್ಲ, ಯಾವುದು ಯಾರ ಕಣ್ಣಿಗೆ ಹೇಗೆ ಕಾಣುತ್ತದೋ ಯಾರಿಗೆ ಗೊತ್ತು. ಆದರೂ ಬಟ್ಟೆ ಒಂದೊಂದಾಗಿ ಹೊರಗೆ ಬರುತ್ತದೆ. ಒಂದು ಚೆಂದದ ಜಾಕೆಟ್ ಸಿಕ್ಕಿದ ಕೂಡಲೇ ಇದು ನಿನ್ನದಲ್ಲ ಅಲ್ವಾ ಅನ್ನುವ ಅನುಮಾನ. ಆಮೇಲೆ ಪ್ರಶ್ನೆಗಳು. ಶಿಯಾಗಳ ಬಗ್ಗೆ ಏನನ್ನಿಸುತ್ತದೆ, ರಾಣಿ ಬಗ್ಗೆ, ಇರಾಕ್ ಯುದ್ಧದ ಬಗ್ಗೆ, ಕೊನೆಗೆ ಟೀವಿಯಲ್ಲಿ ಬರುವ ಕೇಕ್ ಮಾಡುವ ಸ್ಪರ್ಧೆಯ ಬಗ್ಗೆ ಕೂಡ! ಇದಕ್ಕೆಲ್ಲ ಏನು ಹೇಳಬೇಕು ಅಂತ ಅವಳು ತಂಗಿ ಅನೀಕಾ ಜೊತೆ ಮನೆಯಲ್ಲೇ ರಿಹರ್ಸಲ್ ಮಾಡಿಕೊಂಡು ಬಂದಿದ್ದಾಳೆ. ಅಷ್ಟೆಲ್ಲ ಮಾಡಿಯೂ ವಿಮಾನ ತಪ್ಪಿಹೋಗುತ್ತದೆ. ಲೇಖಕಿ ಇಲ್ಲಿ ಒಂದು ಸಲವೂ ದನಿ ಏರಿಸುವುದಿಲ್ಲ, ನಗು ಬರುವ ಹಾಗೇ ಬರೆಯುತ್ತಾರೆ, ಅದಕ್ಕೇ ಚುಚ್ಚುತ್ತದೆ. ಈ ಕೆಲವು ಪುಟಗಳಿಗೇ ಪುಸ್ತಕದ ದುಡ್ಡು ಅರ್ಧ ವಸೂಲ್.

ಪುಸ್ತಕ ಬಂದಿದ್ದು 2017ರಲ್ಲಿ, ಮರುವರ್ಷ ಮಹಿಳೆಯರ ಇಂಗ್ಲಿಷ್ ಕಾದಂಬರಿಗೆ ಬ್ರಿಟನ್ನಿನಲ್ಲಿ ಕೊಡುವ ವಿಮೆನ್ಸ್ ಪ್ರೈಜ್ ಗೆದ್ದಿತು. ದ್ರೋಹಿ ಅನ್ನಿಸಿಕೊಂಡು ಸತ್ತ ಒಡಹುಟ್ಟಿದವನ ಹೆಣ ಹೂಳಲು ರಾಜನ ಆಜ್ಞೆಯನ್ನೇ ಮೀರುವ ಹುಡುಗಿಯ ಗ್ರೀಕ್ ನಾಟಕ ‘ಆಂಟಿಗೊನಿ’ಯ ಕತೆಯನ್ನು ಇವತ್ತಿನ ಲಂಡನ್ನಿಗೆ ತಂದಿದ್ದಾರೆ. ಇಸ್ಮಾಳ ತಂದೆ ಜಿಹಾದ್ ಅಂತ ಹೋಗಿ, ಸಿಕ್ಕಿಬಿದ್ದು, ಅಮೆರಿಕದವರ ಗ್ವಾಂಟನಾಮೊ ಜೈಲಿಗೆ ಸಾಗಿಸುವಾಗ ಸತ್ತವನು. ಅವಳಿಗಳಾದ ಅನೀಕಾ, ಪರ್ವೇಜ್ ಇಬ್ಬರನ್ನೂ ಸಾಕಿದ್ದು ಅಕ್ಕ ಇಸ್ಮಾ. ಆ ತಮ್ಮ ಐಸಿಸ್ ಸೇರಲು ಸಿರಿಯಾಕ್ಕೆ ಹೋಗುತ್ತಾನೆ. ಪೊಲೀಸರಿಗೆ ಹೋಗಿ ಹೇಳಿದವಳು ಬೇರೆ ಯಾರೂ ಅಲ್ಲ, ಇಸ್ಮಾನೇ. ತಂಗಿ ಅದನ್ನು ಕ್ಷಮಿಸುವುದಿಲ್ಲ. ಯಾರು ಸರಿ? ಇಬ್ಬರೂ ಸರಿ ಅನ್ನಿಸುತ್ತದೆ, ಅದೇ ಕಷ್ಟ.

ಪರ್ವೇಜ್‌ನ ಭಾಗ ಇಡೀ ಕಾದಂಬರಿಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು. ಅವನೇನೂ ಧರ್ಮದ ಹುಚ್ಚು ಹಿಡಿದವನಲ್ಲ. ಊರ ಸದ್ದುಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡು ತಿರುಗುವ ಹುಡುಗ. ಐಸಿಸ್‌ಗೆ ಹುಡುಗರನ್ನು ಸೆಳೆಯುವ ಫಾರೂಕ್ ಅನ್ನುವವನು ಬಂದು, ಮನೆಯಲ್ಲಿ ಯಾರೂ ಬಾಯಿಬಿಡದ ಅಪ್ಪನ ಕತೆ ಹೇಳುತ್ತಾನೆ. ಅಷ್ಟು ಸಾಕಾಗುತ್ತದೆ. ಅಪ್ಪ ಅಫ್ಘಾನಿಸ್ತಾನದಲ್ಲಿ ಅಮೆರಿಕದವರ ಬಾಗ್ರಾಮ್ ಜೈಲಿನಲ್ಲಿ ಪಟ್ಟ ನೋವು ಹೇಗಿತ್ತು ಅಂತ ತೋರಿಸಲು ಪರ್ವೇಜ್‌ನನ್ನೇ ಸರಪಳಿ ಹಾಕಿ ಬಗ್ಗಿಸಿ ಕೂರಿಸುವ ದೃಶ್ಯ ಇದೆ, ಓದಿ ಮುಗಿಸಿದ ಮೇಲೂ ತಲೆಯಿಂದ ಹೋಗಲಿಲ್ಲ.

ಇನ್ನು ಗೃಹ ಸಚಿವ ಕರಾಮತ್ ಲೋನ್. ಪಾಕಿಸ್ತಾನಿ ಮೂಲದ ಮುಸ್ಲಿಂ ಮನೆತನದವನೇ. ತಾನು ಓದಿದ ಬ್ರಾಡ್‌ಫರ್ಡ್‌ನ ಶಾಲೆಗೆ ಹೋಗಿ, ಉಡುಪಿನಲ್ಲಿ ಯೋಚನೆಯಲ್ಲಿ ಬೇರೆಯಾಗಿ ಕಾಣಿಸಬೇಡಿ, ಕಂಡರೆ ಜನ ಬೇರೆಯಾಗಿಯೇ ನೋಡುತ್ತಾರೆ ಅಂತ ಮಕ್ಕಳಿಗೆ ಬುದ್ಧಿ ಹೇಳುವವನು. ಇವನು ಖಳನಾಯಕ ಅಂತ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಪುಸ್ತಕ ಬಂದ ಮರುವರ್ಷ ನಿಜವಾಗಿಯೂ ಪಾಕಿಸ್ತಾನಿ ಮೂಲದ ಸಾಜಿದ್ ಜಾವಿದ್ ಬ್ರಿಟನ್ನಿನ ಗೃಹ ಸಚಿವರಾದರು. 2019ರಲ್ಲಿ, ಹದಿನೈದನೇ ವಯಸ್ಸಿಗೆ ಸಿರಿಯಾಕ್ಕೆ ಹೋಗಿದ್ದ ಶಮೀಮಾ ಬೇಗಂಳ ಪೌರತ್ವ ಕಿತ್ತುಕೊಂಡಿದ್ದು ಅವರೇ. ಕಾದಂಬರಿಯಲ್ಲೂ ಜಗಳ ಅದರದ್ದೇ, ಬೇರೆ ದೇಶದ ಪೌರತ್ವವೂ ಇದೆ ಅಂದರೆ ಹುಟ್ಟಿದ ದೇಶ ನಿನ್ನನ್ನು ಹೊರಗೆ ಹಾಕಬಹುದಾ ಅನ್ನುವುದು.

ಇದನ್ನು ಓದುವಾಗ ನಮ್ಮ ಭಟ್ಕಳ, ಮಂಗಳೂರು ಕಡೆಯಿಂದ ಗಲ್ಫಿಗೆ ಹೋದವರು ನೆನಪಾದರು. ಎಷ್ಟು ವರ್ಷ ದುಡಿದರೂ ಅಲ್ಲಿನವರಾಗುವುದಿಲ್ಲ ಅಂತ ಅವರಿಗೆ ವಿಮಾನ ಹತ್ತುವಾಗಲೇ ಗೊತ್ತಿರುತ್ತದೆ, ಊರಲ್ಲಿ ಮನೆ ಕಟ್ಟಿಸುತ್ತಲೇ ಇರುತ್ತಾರೆ. ಇಸ್ಮಾಗೆ ಹಾಗೆ ವಾಪಸ್ ಹೋಗಲು ಬೇರೆ ಊರೇ ಇಲ್ಲ.

ಕೊರತೆ ಇಲ್ಲವಾ? ಇದೆ. ಅನೀಕಾ ಮತ್ತು ಸಚಿವರ ಮಗ ಏಮನ್ ನಡುವಿನ ಪ್ರೀತಿ ನನಗೆ ನಂಬಿಕೆ ಬರಲಿಲ್ಲ. ಕತೆಗೆ ಬೇಕು ಅಂತ ಗಡಿಬಿಡಿಯಲ್ಲಿ ಗಂಟು ಹಾಕಿದ ಹಾಗಿದೆ. ಆ ಹುಡುಗ ಕೊನೆಯವರೆಗೂ ಪೆದ್ದನಾಗಿಯೇ ಉಳಿಯುತ್ತಾನೆ. ಕತೆ ಪಾಕಿಸ್ತಾನದ ಕರಾಚಿಗೆ ಹೋದ ಮೇಲಿನ ಭಾಗದಲ್ಲಿ ಗ್ರೀಕ್ ನಾಟಕದ ಸಾಲ ತೀರಿಸುವ ಆತುರ ಜಾಸ್ತಿ, ಸಿನಿಮಾ ಕ್ಲೈಮ್ಯಾಕ್ಸಿನ ವಾಸನೆ ಹೊಡೆಯುತ್ತದೆ. ಇನ್ನೊಂದು, ಇಲ್ಲಿ ಧರ್ಮ ಹೆಚ್ಚಾಗಿ ಸರ್ಕಾರದ ಕಣ್ಣಿನಿಂದ ಕಾಣುತ್ತದೆ, ನಂಬುವವರ ಒಳಗಿನಿಂದ ಕಡಿಮೆ.

ಮುನ್ನೂರು ಪುಟವೂ ಇಲ್ಲ, ಇಂಗ್ಲಿಷ್ ಕಷ್ಟದ್ದಲ್ಲ, ‘ಆಂಟಿಗೊನಿ’ ಓದಿರದಿದ್ದರೂ ತೊಂದರೆಯಿಲ್ಲ. ಧೈರ್ಯವಾಗಿ ತಗೊಳ್ಳಿ. ನಂಬಿಕೆಯ ಒಳಗಿನ ಬದುಕೇ ಬೇಕು ಅನ್ನುವವರು ಮಾತ್ರ ಮೊದಲು ಲೈಲಾ ಅಬೂಲೇಲಾ ಅವರ ‘ಮಿನಾರೆಟ್’ ಓದಿ, ಸೂಡಾನಿನ ಶ್ರೀಮಂತರ ಮಗಳು ಲಂಡನ್ನಿನಲ್ಲಿ ಮನೆಗೆಲಸಕ್ಕೆ ಇಳಿದು ಮಸೀದಿಯ ಹೆಂಗಸರ ನಡುವೆ ನೆಮ್ಮದಿ ಹುಡುಕುವ ಕತೆ. ನಿಧಾನ ಜಾಸ್ತಿ, ಆದರೆ ಶಮ್ಸಿ ಮುಟ್ಟದೇ ಬಿಟ್ಟ ಜಾಗ ಅದರಲ್ಲಿ ಸಿಗುತ್ತದೆ.