ರೋಲೆಕ್ಸ್ ಅಸಲಿಯೇ? ಮನೆಯಲ್ಲಿ ನೋಡುವುದೋ, ರಿಪೇರಿಯವರಿಗೆ ತೋರಿಸುವುದೋ, ಕಂಪನಿಗೆ ಕೊಡುವುದೋ

ಅಧಿಕೃತ ಡೀಲರ್ ಅಲ್ಲದವರಿಂದ ಸಬ್‌ಮರೀನರ್ ಡೇಟ್ (ತಾರೀಖು ತೋರಿಸುವ ರೋಲೆಕ್ಸ್ ಡೈವಿಂಗ್ ವಾಚು) ಕೊಂಡಿದ್ದೀರಿ, ಎಲ್ಲಿ ಪರೀಕ್ಷೆ ಮಾಡಿಸಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಮನೆಯ ಪರೀಕ್ಷೆಯೇ ಪುಕ್ಕಟೆ, ಒಂದು ಭೂತಗನ್ನಡಿ ಸಾಕು. ಗಾಜಿನ ಮೇಲಿನ ಲೆನ್ಸ್ ತಾರೀಖನ್ನು ಸುಮಾರು 2.5 ಪಟ್ಟು ದೊಡ್ಡದಾಗಿ ತೋರಿಸಬೇಕು. ಈಚಿನ ಮಾದರಿಗಳಲ್ಲಿ ಡಯಲ್ ಸುತ್ತಲಿನ ಒಳ ಉಂಗುರದ ಮೇಲೆ, 6ರ ಹತ್ತಿರ, ಸೀರಿಯಲ್ ನಂಬರ್ ಕೆತ್ತಿರುತ್ತದೆ. ಅದನ್ನು ವಾರಂಟಿ ಕಾರ್ಡಿನ ಜೊತೆ ಹೋಲಿಸಿ. ಆದರೆ ನಂಬರನ್ನೂ ಕಾರ್ಡನ್ನೂ ನಕಲು ಮಾಡುವವರಿದ್ದಾರೆ, ಅಲ್ವಾ? ಹಾಗಾಗಿ ಇಲ್ಲಿ ಕಳಪೆ ನಕಲಿ ಮಾತ್ರ ಸಿಕ್ಕಿಬೀಳುತ್ತದೆ.

ಖಾತ್ರಿ ಬೇಕಾದರೆ ಹಿಂದಿನ ಮುಚ್ಚಳ ತೆಗೆಯಲೇಬೇಕು. ಈ ಬ್ರ್ಯಾಂಡ್ ಬಲ್ಲ ರಿಪೇರಿಯವರು ಒಳಗಿನ ಮೂವ್‌ಮೆಂಟ್ (ವಾಚನ್ನು ಓಡಿಸುವ ಯಂತ್ರ) ನೋಡಿ ಬೇಗ ಹೇಳುತ್ತಾರೆ. ಅಸಲಿ ಕೇಸಿಗೆ (ಹೊರಕವಚಕ್ಕೆ) ನಕಲಿ ಡಯಲ್ ಕೂರಿಸಿದ ವಾಚುಗಳೇ ದೊಡ್ಡ ತಲೆನೋವು. ಅವನ್ನು ಹಿಡಿಯಲು ಪಳಗಿದ ಕಣ್ಣೇ ಬೇಕು. ಮುಚ್ಚಳ ಹಾಕಿದ ಮೇಲೆ ನೀರು ಒಳಹೋಗದಂತೆ ಪ್ರೆಶರ್ ಟೆಸ್ಟ್ ಮರೆಯಬೇಡಿ.

ಕಂಪನಿಯ ಸರ್ವಿಸ್ ಸೆಂಟರ್ ನಿಧಾನ, ದುಬಾರಿ. ಆದರೆ ಅವರ ಮಾತಿಗೆ ತೂಕ ಜಾಸ್ತಿ.

ವಾಪಸ್ ಕೊಡುವ ಗಡುವು ಹತ್ತಿರವಿದ್ದರೆ ತಡಮಾಡದೆ ರಿಪೇರಿಯವರ ಬಳಿ ಹೋಗಿ. ಸರ್ವಿಸ್‌ಗೆ ಹೇಗೂ ಕೊಡಬೇಕು, ಅಥವಾ ಮುಂದೆ ಮಾರುವ ಯೋಚನೆಯಿದೆ ಎಂದಾದರೆ ಕಂಪನಿಯೇ ಸರಿ. ಮುಂದೆ ಇಂಥ ವಾಚು ಕೊಳ್ಳುವುದಾದರೆ, ದುಡ್ಡು ಕೊಡುವ ಮುನ್ನ ಮೊದಲು ಭೂತಗನ್ನಡಿ ಹಿಡಿಯಿರಿ. ಆಮೇಲೆ ನಿಮ್ಮೆದುರೇ ಮುಚ್ಚಳ ತೆಗೆಸಲು ಮಾರುವವರನ್ನು ಕೇಳಿ. ಒಪ್ಪದಿದ್ದರೆ ಕೊಳ್ಳಬೇಡಿ.